ಹಳ್ಳದ ಆಚಿ ಗೂಡು, ಈಚಿ ಗೂಡು

ನಮ್ಮತ್ತಿಗೆ ಕೋಳಿ ಅಂದ್ರ ಜೀವ. ನನಗ ಕೋಳಿ ಅಂದ್ರ ಅಷ್ಟಕ್ಕಷ್ಟ. ನಾ ಲಗ್ನಾಗಿ ಆ ಮನಿಗೆ ಬಂದ ಹೊಸದರಾಗ, ಮುಂಜಾನೆದ್ದು ಆಕಿ ನನ್ನ ಮುಖಾ ನೋಡೂಕಿಂತ ಮೊದಲ ಹಿತ್ತಲಕ್ಕ ಹೋಗಿ, ಬುಟ್ಟಿ ಎತ್ತಿ ಕೋಳಿ ಮುಖಾ ನೋಡ್ತಿದ್ಲು. "ಸೊಸಿಗಿಂತ ಕೋಳಿ ಹೆಚ್ಚಾತೇನ್ರಿ ಅತ್ತಿ?" ಅಂತ ಒಮ್ಮೆ ಕೇಳೇಬಿಟ್ಟೆ. "ಕೋಳಿ ಎದುರು ಮಾತಾಡಂಗಿಲ್ಲ" ಅಂದ್ಲು. ಅಂಥಾ ಬಾಯಿ ಆಕೀದು. ನಂದೂ ಏನು ಕಡಿಮಿ ಇರ್ಲಿಲ್ಲ ಬಿಡ್ರಿ. ನಮ್ಮ ಮನಿ ಮುಂದ ಹಾದು ಹೋಗೋ ಮಂದಿ ಒಂದೀಟು ಸಾವಕಾಶ ಹೆಜ್ಜಿ ಹಾಕ್ತಿದ್ರು, ಏನರ ಕೇಳಾಕ ಸಿಗತೈತಿ ಅಂತ.

ನಮ್ಮೂರು ಹುನಗುಂದಕ್ಕೂ ಇಳಕಲ್ಲಿಗೂ ನಡುವ, ಹಳ್ಳದ ದಂಡಿ ಮ್ಯಾಲ. ಮಾವನವರು ಗೌಂಡಿ ಕೆಲಸದವರು. ಸುತ್ತಿನ ಊರಾಗ ಕಲ್ಲಿನ ಗ್ವಾಡಿ ಎಬ್ಬಿಸಬೇಕಂದ್ರ ಅವರನ್ನ ಕರೀತಿದ್ರು. ನನ್ನ ಗಂಡನೂ ಅದ ಕೆಲಸ ಕಲತು, ಆ ವರ್ಷ ಬಾಗಲಕೋಟಿಗೆ ಹೋಗಿದ್ದ, ಅಲ್ಲೆ ಯಾವುದೋ ದೊಡ್ಡ ಕಟ್ಟಡ ನಡದಿತ್ತು. ಹಂಗಾಗಿ ಮನ್ಯಾಗ ನಾವು ಮೂರs ಮಂದಿ: ಅತ್ತಿ, ಮಾವ, ನಾನು. ನನ್ನ ಹೊಟ್ಟ್ಯಾಗಿಂದು ಸೇರಿದ್ರ ಮೂರೂವರಿ.

ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು, ಅದು ಪದ್ಧತಿ. ನನ್ನ ತವರು ಬದಾಮಿ ಕಡೆ. ಆದ್ರ ಆ ವರ್ಷ ಬದಾಮಿ ಕಡೆಯಿಂದ ಬರೋ ಸುದ್ದಿ ಒಂದೂ ಚಲೋ ಇರ್ಲಿಲ್ಲ. ಮಂದಿ ಊರು ಖಾಲಿ ಮಾಡಿ ಹೊಲಾ ಸೇರ್ಯಾರಂತ, ಹೆಣಾ ಹೊರಾಕ ನಾಕ ಮಂದಿ ಸಿಗವಲ್ಲರಂತ. ಈಗ ಅದಕ್ಕ ಪ್ಲೇಗು ಅಂತಾರ. ಆಗ ನಾವು ಗಡ್ಡಿ ಬ್ಯಾನಿ ಅಂತಿದ್ವಿ. ಅದನ್ನೂ ಬಾಯಿ ಬಿಟ್ಟು ಅಂತಿರ್ಲಿಲ್ಲ ಖರೆ. ಹೆಸರು ತಗೊಂಡ್ರ ಮನಿಗೆ ಕರದಂಗ ಅಂತ ಅಂಜಿಕಿ. "ಅದು ಬಂದೈತಿ" ಅನ್ನೋದು. ಯಾರಿಗರ ಬಗಲಾಗ, ತೊಡಿ ಸಂದ್ಯಾಗ ಗಡ್ಡಿ ಕಂಡ್ರ "ಎದ್ದಾವಂತ" ಅಂದು ಸುಮ್ಮನಾಗೋದು. ಕೇಳಿದವರೂ ಮತ್ತೇನೂ ಕೇಳ್ತಿರ್ಲಿಲ್ಲ, ಎದ್ದು ತಮ್ಮ ಮನಿಗೆ ಹೋಗಿಬಿಡ್ತಿದ್ರು.

ನಮ್ಮವ್ವ "ಮಗಳನ್ನ ಈ ಕಡೆ ಕಳಸಬ್ಯಾಡ್ರಿ" ಅಂತ ಹೇಳಿ ಕಳಿಸಿದ್ಲು. ನಾ ಒಲಿ ಮುಂದ ಕುಂತು ಅತ್ತೆ. ನಮ್ಮತ್ತಿ ಬಂದು ನೋಡಿ, "ಯಾಕ, ನಾ ಸತ್ತೇನೇನು? ನಿನ್ನ ಬಾಣಂತನ ನಾ ಮಾಡ್ತೇನಿ. ನಿಮ್ಮವ್ವ ಮಾಡೂದಕ್ಕಿಂತ ಒಂದು ಕೈ ಹೆಚ್ಚ ಮಾಡ್ತೇನಿ. ಬಾಣಂತಿಗೆ ಎಳೇ ಕೋಳಿ ಸಾರು ಹಾಕಿ ಹಾಕಿ, ನೀನs ಸಾಕ್ರಿ ಅನಬೇಕು" ಅಂದ್ಲು. ಅವತ್ತಿಂದ ಆಕಿ ತಲ್ಯಾಗ ಒಂದs ಹುಳ. ಮೂರು ಹ್ಯಾಟಿ ಕೋಳಿ ಕಾವಿಗೆ ಬಂದಿದ್ವು, ಅಂದ್ರ ತತ್ತಿ ಇಡೋದು ನಿಲ್ಲಿಸಿ, ಕೂತಲ್ಲೆ ಕೂತು, ಹತ್ರ ಹೋದ್ರ ಪುಕ್ಕಾ ಕೆದರಿ ಕೊರ್ರ್ ಅಂತಿದ್ವು. ಮೂರನ್ನೂ ಒಮ್ಮೆಲೆ ಕಾವಿಗೆ ಕೂಡಿಸಿದ್ರ, ನಾ ಹಡೆಯೋ ಹೊತ್ತಿಗೆ ಮರಿ ಸಾರಿಗೆ ಬರ್ತಾವ ಅನ್ನೋದು ಆಕಿ ಲೆಕ್ಕ.

ಆದ್ರ ಹಿಂದಿನ ವರ್ಷ ಬುಟ್ಟ್ಯಾಗ ಕೂಡಿಸಿದ ಕಾವು ಹೆಗ್ಗಣದ ಪಾಲಾಗಿತ್ತು. ಉಳದ ಮರಿ ಮುಂಗಲಿ ಒಯ್ದಿತ್ತು. ಹಂಗಾಗಿ ಈ ಸಲ ಗಟ್ಟಿ ಗೂಡು ಬೇಕು ಅಂತ ಹಟ ಹಿಡದ್ಲು. ಮಾವನವರು ಹೊರಸಿನ ಮ್ಯಾಲ ಕುಂತು, "ನಾ ಗೌಡ್ರ ವಾಡೇದ ಗ್ವಾಡಿ ಕಟ್ಟಿದಾಂವ. ಕೋಳಿಗೆ ಮನಿ ಕಟ್ಟಿದ್ರ ಮಂದಿ ನಗ್ತಾರ" ಅಂದ್ರು.

"ನಗ್ಲಿ. ನಿಮ್ಮ ಗ್ವಾಡಿ ಕಟ್ಟೂ ಕರಣಿ ಎಲ್ಲೈತಿ ಹೇಳ್ರಿ, ನಾನs ಕಟ್ಟತೇನಿ" ಅಂದ್ಲು.

ಅವರು ಹೇಳಲಿಲ್ಲ. ಆಕಿ ಹುಡುಕಿ ತಗೊಂಡ್ಲು. ಹಿತ್ತಲದಾಗ ಮಣ್ಣು ಕಲಸಿ, ಒಡಕ ಗಡಿಗಿ ಚೂರು, ಕಲ್ಲು ಎಲ್ಲಾ ಕೂಡಿಸಿ ಒಂದು ಗ್ವಾಡಿ ಎಬ್ಬಿಸಿದ್ಲು. ಯವ್ವಾ, ಆ ಗ್ವಾಡಿ! ಒಂದು ಕಡೆ ಹೊಟ್ಟಿ ಉಬ್ಬಿತ್ತು, ಇನ್ನೊಂದು ಕಡೆ ಬೆನ್ನು ಬಾಗಿತ್ತು. ಮಾವನವರು ಹೊರಸಿನ ಮ್ಯಾಲಿಂದ ಎರಡು ಸಲ ಎದ್ದು ಎರಡು ಸಲ ಕುಂತ್ರು. ಮೂರನೇ ಸಲ ತಡಕೊಳ್ಳಾಕ ಆಗ್ಲಿಲ್ಲ. "ನನ್ನ ಕರಣೀಲೆ ಇಂಥಾ ಗ್ವಾಡಿ ಕಟ್ಟಿ ನನ್ನ ಮಾನಾ ಕಳೀಬ್ಯಾಡ, ಸರಿ ಅತ್ತಾಗ" ಅಂತ ಬಂದು ಕಸಗೊಂಡ್ರು. ಆಕಿ ಮುಖಾ ಆ ಕಡೆ ತಿರುವಿ ನನ್ನ ನೋಡಿ ನಕ್ಕಳು. ಆಕೀಗೆ ಬೇಕಾಗಿದ್ದೂ ಅದs.

ಒಂದು ದುಡ್ಡೂ ಬಿಚ್ಚದs ಆ ಗೂಡು ಆತು. ನೆಲಕ್ಕ ಪರಸಿ ಕಲ್ಲಿನ ಚೂರು ಹಾಸಿದ್ರು, ಹೆಗ್ಗಣ ಕೆಳಗಿಂದ ತೋಡಿ ಬರಬಾರದು ಅಂತ. ಅವರು ಕೆಲಸ ಮಾಡಿದಲ್ಲೆಲ್ಲಾ ಒಡದು ಬಿದ್ದ ಚೂರವು, ಯಾರೂ ಕೇಳಂಗಿಲ್ಲ. ಗ್ವಾಡಿಗೆ ಹಳ್ಳದ ಮಣ್ಣು, ಹೊಟ್ಟು, ಸೆಗಣಿ. ಒಳಗ ಮೂರು ಖೋಲಿ, ನಡುವ ಅಡ್ಡಗ್ವಾಡಿ. ಕಾವು ಕೂತ ಹ್ಯಾಟಿ ಒಂದರ ಮುಖಾ ಒಂದು ನೋಡಬಾರದು, ನೋಡಿದ್ರ ಜಗಳಾಡಿ, ತಮ್ಮ ತತ್ತಿ ಬಿಟ್ಟು ಮತ್ತೊಂದರ ತತ್ತಿ ಮ್ಯಾಲ ಹೋಗಿ ಕೂಡ್ತಾವ. "ಒಂದು ಮನ್ಯಾಗ ಇಬ್ಬರು ಹೆಂಗಸರಿದ್ದಂಗ" ಅಂದ್ರು ಮಾವ, ನಮ್ಮಿಬ್ಬರನ್ನೂ ನೋಡಿ. ಪ್ರತಿ ಖೋಲ್ಯಾಗ ಅರ್ಧ ಒಡದ ಗಡಿಗಿ ಹೂತು, ಅದರಾಗ ಬೂದಿ, ಅದರ ಮ್ಯಾಲ ಬೇವಿನ ಎಲಿ, ಅದರ ಮ್ಯಾಲ ಮೆತ್ತಗಿನ ಹುಲ್ಲು. ಮುಂದ ತೊಗರಿ ಕಟಗೀಲೆ ಒಂದು ಜಾಳಿಗಿ ಹೆಣದ್ರು. ಮರಿ ಅದರ ಸಂದ್ಯಾಗ ಹಾದು ಒಳಗ ಹೋಗಿ ನುಚ್ಚು ತಿನಬೇಕು, ದೊಡ್ಡ ಕೋಳಿ ಹೊರಗs ನಿಂತು ನೋಡಬೇಕು. ಮ್ಯಾಲ ಜ್ವಾಳದ ಕಣಕಿ ಹೊದಿಸಿ, ಸುತ್ತ ಜಾಲಿಮುಳ್ಳು ಬಡದ್ರು.

ನಮ್ಮತ್ತಿ ಮೂರೂ ಹ್ಯಾಟಿ ಕೂಡಿಸಿ, ಒಂದೊಂದರ ಕೆಳಗ ತತ್ತಿ ಇಟ್ಟು, ಗೂಡಿನ ಮುಂದ ಕುಂತು ಎಲಿ ಅಡಕಿ ಹಾಕ್ಕೊಂಡ್ಲು. ಆಕಿ ಮುಖಾ ಅಷ್ಟು ಖುಷಿಲೆ ಇದ್ದದ್ದನ್ನ ನಾ ಮತ್ತ ನೋಡಲಿಲ್ಲ.

ಜ್ವಾಳಾ ಹಾಲು ತುಂಬೂ ಹೊತ್ತು, ಥಂಡಿ ಭಾಳ ಬಿದ್ದಿತ್ತು. ಒಂದಿನ ಮಟಮಟ ಮಧ್ಯಾಹ್ನ ನಾ ಹಿತ್ತಲದಾಗ ಅರಬಿ ಒಣಾ ಹಾಕ್ತಿದ್ದೆ. ಗೂಡಿನ ಪರಸಿ ಸಂದ್ಯಾಗಿಂದ ಒಂದು ಇಲಿ ಹೊರಗ ಬಂತು. ಹಗಲೊತ್ತು, ಮನಷ್ಯಾರ ಮುಂದ. ನನ್ನ ಕಂಡ್ರೂ ಓಡಲಿಲ್ಲ. ಕುಡದವರಂಗ ಆ ಕಡೆ ಈ ಕಡೆ ವಾಲಿ ನಾಕು ಹೆಜ್ಜಿ ಇಟ್ಟು, ಅಲ್ಲೆ ಸುತ್ತ ತಿರುಗಿ ಬಿತ್ತು. ಇಲಿ ಬಿದ್ದಲ್ಲೆ ಅದು ಬರತೈತಿ ಅನ್ನೋದು ಆಗ ಎಲ್ಲಾರಿಗೂ ಗೊತ್ತಿತ್ತು.

ಅತ್ತಿ ಒಳಗಿಂದ ಬಂದು ನೋಡಿದ್ಲು. ಹುಂಜ ಹತ್ರ ಬರಾಕತ್ತಿತ್ತು, ಅದನ್ನ ಓಡಿಸಿ, ಇಲೀನ ಬಾಲಾ ಹಿಡದು ಎತ್ತಿ, ತಿಪ್ಪ್ಯಾಗ ಗುಂಡಿ ತಗದು ಮುಚ್ಚಿ ಬಂದು ಕೈ ತೊಳಕೊಂಡ್ಲು. "ಯಾರ ಮುಂದೂ ಅನಬ್ಯಾಡ" ಅಂದ್ಲು.

"ಅನದs ಹೆಂಗ ಇರೋದ್ರಿ? ಊರಿಗೆ ಊರs—"

"ಊರು ಬಿಡಸ್ತಾರ ಈಗ. ಕಾವು ಅರ್ಧಕ್ಕ ಐತಿ. ಕೂತ ಹ್ಯಾಟೀನ ಎಬ್ಬಿಸಿದ್ರ ಕಾವು ಮುರೀತೈತಿ. ತತ್ತಿ ಎಲ್ಲಾ ಒಳಗs ಕೊಳೀತಾವ."

ನಾ ಸುಮ್ಮನಿರೋ ಪೈಕಿ ಅಲ್ಲ. ಮಾವ ಕೆಲಸದಿಂದ ಬಂದ ಕೂಡ್ಲೆ, ಅವರು ಕಾಲು ತೊಳಿಯೂಕಿಂತ ಮೊದಲ ಹೇಳಿಬಿಟ್ಟೆ. ಅತ್ತಿ ಅವತ್ತು ನನಗ ಬೈದದ್ದು ಬರದ್ರ ಕಾಗದ ಸುಡತೈತಿ. ಆದ್ರ ನಾ ಹೇಳಿದ್ರೂ ಹೇಳದಿದ್ರೂ ಅಷ್ಟ ಇತ್ತು, ಮರುದಿನ ಬಡಿಗೇರ ಓಣ್ಯಾಗ, ಅದರ ಮರುದಿನ ಗುಡಿ ಹಿಂದ, ಎಲ್ಲಾ ಕಡೆ ಇಲಿ ಬಿದ್ವು. ಹಿರೇರು ಕೂಡಿ ಮಾತಾಡಿದ್ರು: ಹಳ್ಳದ ಆ ದಂಡಿಗೆ ಗೌಡ್ರ ಹೊಲದಾಗ ಎಲ್ಲಾರೂ ಜೋಪಡಿ ಹಾಕ್ಕೋಬೇಕು. ಒಮ್ಮೆ ಅಲ್ಲಿಗೆ ಹೋದವರು ತಿರುಗಿ ಊರಾಗ ಕಾಲಿಡಬಾರದು. ಊರಾಗ ಉಳದವರು ಹಳ್ಳಾ ದಾಟಿ ಬರಬೇಕಂದ್ರ ಮೈತುಂಬ ಹಳ್ಳದಾಗ ತೊಳಕೊಂಡು, ಹಿರೇರನ್ನ ಕೇಳಿ ಬರಬೇಕು. ಊರು ಕಾಯಾಕ ತಳವಾರ ಒಬ್ಬಾಂವ ಇರ್ತಾನ. ಅಂವ ದಿನಾ ಸಂಜಿಕ ಹಳ್ಳದ ದಂಡಿಗೆ ಬಂದು ಆಚಿ ಕಡೆ ನಿಂತs ಒದರಿ ಸುದ್ದಿ ಹೇಳತಾನ.

ನಾವು ಸಾಮಾನ ಕಟ್ಟಿದ್ವಿ. ಅತ್ತಿ ಕಟ್ಟಲಿಲ್ಲ.

"ಹೊಲದಾಗ ಗೂಡಿಲ್ಲ. ಅಲ್ಲೆ ನರಿ ಅದಾವ, ಕಾಡಬೆಕ್ಕು ಅದಾವ. ನೀವು ಹೋಗಿ ಅಲ್ಲೆ ಗೂಡು ಕಟ್ರಿ, ಇದರಂಥಾದ್ದs ಕಟ್ರಿ. ಇಲ್ಲೆ ತತ್ತಿ ಒಡದು ಮರಿ ಏಳ್ಲಿ, ತಗೊಂಡು ಬರ್ತೇನಿ" ಅಂದ್ಲು.

ಮಾವ ಸಿಟ್ಟು ಮಾಡಿದ್ರು, ಕೈ ಹಿಡದು ಎಳದ್ರು. ನಾನೂ ಅತ್ತೆ, "ನನಗ ಕೋಳಿ ಸಾರು ಬ್ಯಾಡ್ರಿ, ನೀವು ಬರ್ರಿ" ಅಂತ. ಆಕಿ ನನ್ನ ಹೊಟ್ಟಿ ಮ್ಯಾಲ ಕೈ ಇಟ್ಟು, "ನಿನಗ್ಯಾರು ಕೇಳ್ಯಾರ? ಇದಕ್ಕ ಬೇಕು" ಅಂದ್ಲು. ಆಮ್ಯಾಲ ಮಾವನ ಕಡೆ ತಿರುಗಿ ಬರೋಬ್ಬರಿ ಹೇಳಿದ್ಲು: "ಎದ್ದ ದಿನಾ ತಳವಾರನ ಕೈಯಾಗ ಎದ್ದಾವ ಅಂತ ಹೇಳಿ ಕಳಸ್ತೇನಿ. ಆದ್ರ ಕೂಡ್ಲೆ ಓಡಿ ಬರಬ್ಯಾಡ್ರಿ ಮತ್ತ. ಮರಿ ಆರಬೇಕು, ಕಾಲು ಗಟ್ಟಿಯಾಗಬೇಕು. ಎರಡು ದಿನಾ ಬಿಟ್ಟು ನಾನs ಬುಟ್ಟಿ ಹೊತ್ಕೊಂಡು ಹಳ್ಳಕ್ಕ ಬರ್ತೇನಿ. ನೀವು ಈ ಕಡೆ ಕಾಲಿಟ್ಟು, ಆ ಜಡ್ಡು ಈ ಹುಡುಗಿಗೆ ಹತ್ತಿಸಬ್ಯಾಡ್ರಿ."

ಹೊಲದಾಗ ನಮ್ಮ ಜೋಪಡಿ ಎಲ್ಲಾದಕ್ಕಿಂತ ಕಡೀಕ ಇತ್ತು. ಪಕ್ಕದ ಜೋಪಡಿ ಐನಾರ ಅಮ್ಮ, ದಿನಾ ಲಿಂಗಪೂಜಿ ಮಾಡೋ ಹೆಣ್ಣಮಗಳು, "ನಿಮ್ಮ ಕೋಳಿ ನನ್ನ ಪೂಜಿ ತಾವ ಬಂದ್ರ ನೋಡು ಮತ್ತ" ಅಂತ ಮೊದಲs ಹೇಳಿದ್ಲು. ಮಾವ, "ಇಲ್ರಿ ಅಮ್ಮಾರ, ಗೂಡಿನ ಬಾಗಲಾ ಆ ಕಡೆ ಇಡ್ತೇನಿ" ಅಂದ್ರು. ಅದಾದ ಮ್ಯಾಲ ಆಕಿನs ದಿನಾ, "ಎಲ್ಲಿಗೆ ಬಂತೋ ಯಪ್ಪಾ ಗೂಡು?" ಅಂತ ಕೇಳ್ತಿದ್ಲು.

ಮಾವ ಜೋಪಡಿ ಕಟ್ಟಿದ್ದು ಅರೆಬರೆ. ಗಾಳಿ ಎಲ್ಲಾ ಕಡೆಯಿಂದ ಒಳಗ ಬರ್ತಿತ್ತು. ಗೂಡು ಮಾತ್ರ ನೋಡಬೇಕಾಗಿತ್ತು ನೀವು. ಪರಸಿ ಇಲ್ಲಂತ ಹಳ್ಳದಾಗಿನ ಚಪ್ಪಟ ಕಲ್ಲು ಆರಿಸಿ ತಂದು ಹಾಸಿದ್ರು. ಗಡಿಗಿ ಇಲ್ಲಂತ ಜೋಪಡಿ ಜೋಪಡಿಗೆ ಹೋಗಿ ಒಡಕ ಕೊಡ ಬೇಡಿ ತಂದ್ರು. ಗ್ವಾಡಿ ಎರಡು ಸಲ ಸವರಿದ್ರು. ನಾ ಮಣ್ಣು ಕಲಸಿ ಕೊಡ್ತಿದ್ದೆ. "ಈ ಖೋಲಿ ಸಣ್ಣದಾತೇನವಾ? ಬೈತಾಳ ಆಕಿ" ಅಂತಿದ್ರು. ಬೈಯಾಕ ಆಕಿ ಇಲ್ಲದ್ದು ಅವರಿಗೆ ಅರಗತಿರ್ಲಿಲ್ಲ. ಕೆಲಸ ಮಾಡ್ತಾ ಮಾಡ್ತಾ ತಲಿ ಎತ್ತಿ ಊರ ಕಡೆ ನೋಡ್ತಿದ್ರು.

ನೋಡಾಕ ಏನಿತ್ತು ಅಲ್ಲೆ! ಊರ ಮ್ಯಾಲ ಹೊಗಿ ಇಲ್ಲ. ಬೀಸೂ ಕಲ್ಲಿನ ಸಪ್ಪಳಿಲ್ಲ. ಒಂದs ಮನಿಯಿಂದ, ನಮ್ಮ ಮನಿಯಿಂದ, ಮುಂಜಾನಿ ಸಂಜಿ ಒಂದೆಳಿ ಹೊಗಿ ಏಳತಿತ್ತು. ಅದನ್ನ ನೋಡಿ ಮಾವ "ಒಲಿ ಹಚ್ಯಾಳ" ಅಂತಿದ್ರು, ಆಮ್ಯಾಲ ಉಂಡು ಕೆಲಸಕ್ಕ ಏಳತಿದ್ರು. ನಾಯಿ ಹಗಲೆಲ್ಲಾ ಅಳತಿದ್ವು. ಹದ್ದು ಊರ ಮ್ಯಾಲ ಸುತ್ತಿ ಸುತ್ತಿ ಇಳೀತಿದ್ವು. ನಮ್ಮ ಹೊಲದಾಗೂ ಒಬ್ಬೊಬ್ಬರ ಜೋಪಡಿ ಬಾಗಲಾ ಮುಚ್ಚತಾ ಬಂತು. ಮುಚ್ಚಿದ ಜೋಪಡಿಗೆ ಮರುದಿನ ಬೆಂಕಿ ಹಚ್ಚತಿದ್ರು.

ಸಂಜಿಕ ತಳವಾರ ಬಂದು ಆಚಿ ದಂಡಿಗೆ ನಿಲ್ಲತಿದ್ದ. ಕೀಲಿ ಹಾಕಿದ ಒಂದೊಂದು ಮನಿ ಸುದ್ದಿ ಒದರಿ, ಕಡೀಕ ನಮ್ಮದು: "ನಿಮ್ಮ ಮನಿಯವರು ಆರಾಮ ಅದಾರ್ರಿ! ನುಚ್ಚು ತೀರೈತಂತ್ರಿ!" ಮಾವ ನುಚ್ಚಿನ ಗಂಟು ಒಯ್ದು ನಡಹಳ್ಳದ ಕಲ್ಲಿನ ಮ್ಯಾಲ ಇಟ್ಟು ಬರ್ತಿದ್ರು. ಅವರು ಸರದ ಮ್ಯಾಲ ಅಂವ ಬಂದು ತಗೊಂಡು ಹೋಗ್ತಿದ್ದ. ಹೋಗೂ ಮುಂದ "ಒಂದೀಟು ತಂಬಾಕ ಇದ್ರ ಇಡ್ರಿ ಗೌಂಡ್ಯಾರ" ಅಂತ ಒದರತಿದ್ದ.

ಒಂದಿನ ಅಂವ ಹೊತ್ತಿಗೆ ಮೊದಲs ಬಂದ. ಮಾವ ಗೂಡಿನ ಜಾಳಿಗಿ ಹೆಣೀತಿದ್ರು, ನಾ ಪಕ್ಕದಾಗ ಕಟಗಿ ಆರಿಸಿ ಕೊಡ್ತಿದ್ದೆ. ಅಂವ ದಂಡಿ ಮ್ಯಾಲ ನಿಂತು, ಎರಡೂ ಕೈ ಬಾಯಿಗೆ ಹಿಡದು, "ಗೌಂಡ್ಯಾರ! ನಿಮ್ಮ ಮನ್ಯಾಗ ಎದ್ದಾವಂತ್ರೀ! ಎದ್ದಾವ, ಹೇಳು ಅಂದಾರ್ರೀ!" ಅಂತ ಒದರಿದ.

ಮಾವ ಕೈಯಾಗಿನ ಕಟಗಿ ಬಿಟ್ಟು ಎದ್ದು ನಿಂತ್ರು. ಇಷ್ಟಗಲ ನಕ್ಕರು. "ಎಷ್ಟೋ? ಎಷ್ಟು ಎದ್ದಾವೋ?" ಅಂತ ಒದರಿ ಕೇಳಿದ್ರು.

ಅಂವ ಬಾಯಿಗೆ ಹಿಡದ ಕೈ ಕೆಳಗ ಇಳಿಸಿದ. ಆಮ್ಯಾಲ, "ಎರಡ್ರೀ!" ಅಂದ.

"ಎರಡs ಏನೋ? ಆತು ಆತು, ಉಳದವು ನಾಳಿಗೆ ಏಳ್ತಾವ ಬಿಡು!" ಅಂತ ಮಾವ ಕೈ ಎತ್ತಿ ಬೀಸಿದ್ರು. ತಳವಾರ ತಿರುಗಿ ಹೊಂಟುಬಿಟ್ಟ. ಅವತ್ತು ತಂಬಾಕ ಕೇಳಲಿಲ್ಲ.

ಮಾವ ಐನಾರ ಅಮ್ಮಗ ಹೋಗಿ ಬೆಲ್ಲ ಕೊಟ್ಟು ಬಂದ್ರು. "ಮರಿ ಎದ್ದಾವ್ರಿ ಅಮ್ಮಾರ, ಇನ್ನೆರಡು ದಿನಕ್ಕ ಬರ್ತಾಳ." ಆ ಸಂಜಿ ಅವರು ಭಾಳ ದಿನದ ಮ್ಯಾಲ ಹೊಟ್ಟಿ ತುಂಬ ಉಂಡ್ರು. ನನಗೂ ಖುಷಿನs ಆಗಿತ್ತು, ಸುಳ್ಳು ಯಾಕ ಹೇಳ್ಲಿ. ಆದ್ರ ಖುಷಿಯೊಳಗ ಒಂದು ಸಣ್ಣ ಮುಳ್ಳು. ತಂಬಾಕ ಯಾಕ ಕೇಳಲಿಲ್ಲ ಅಂವ?

ಮರುದಿನ ಮಾವ ಗೂಡಿಗೆ ಸುಣ್ಣ ಬಳದ್ರು. ಕೋಳಿಗೂಡಿಗೆ ಸುಣ್ಣ! ಐನಾರ ಅಮ್ಮನೂ ನಕ್ಕಳು. ನಾ ಊರ ಕಡೆ ನೋಡಿದೆ. ನಮ್ಮ ಮನಿ ಹೊಗಿ ಕಾಣಲಿಲ್ಲ. "ಮಾವಾ, ಹೊಗಿ ಇಲ್ಲ" ಅಂದೆ. "ಗಾಳಿ ಐತಿ, ಅಲ್ಲೆ ಹಾರಿ ಹೋಗಿರತೈತಿ. ಆಕಿ ಈಗ ಮರಿ ಬಿಟ್ಟು ಒಲಿ ಮುಂದ ಕೂಡ್ತಾಳೇನು?" ಅಂದ್ರು. ಸಂಜಿಕ ತಳವಾರ ಬರಲಿಲ್ಲ. "ಅಂವಗ ಏನು ಕೆಲಸ ಬಂತೋ" ಅಂದ್ರು. ಪ್ರತಿಯೊಂದಕ್ಕೂ ಅವರ ಹತ್ರ ಒಂದು ಉತ್ತರ ಇತ್ತು. ನನಗ ಸಿಟ್ಟು ಬಂದು, "ಒಮ್ಮೆ ಹೋಗಿ ನೋಡಿ ಬರ್ರಿ ಅಂದ್ರ ನಿಮಗ ಏನಾಗೈತಿ?" ಅಂದೆ. "ಬರಬ್ಯಾಡ ಅಂತ ಆಕಿನs ಹೇಳ್ಯಾಳಲ್ಲವಾ. ಹೋದ್ರ ನನ್ನ ಬಿಡ್ತಾಳೇನು? ನೀ ಹಿಂಗಿದ್ದಾಗ ನಾ ಅಲ್ಲಿಗೆ ಹೋಗಿ ಬಂದೆ ಅಂದ್ರ?" ಅಂದ್ರು. ಅದೂ ಖರೇನs ಇತ್ತು.

ಅದರ ಮರುದಿನ ಮುಂಜಾನಿ ನಾ ನೀರಿಗೆ ಹಳ್ಳಕ್ಕ ಇಳದೆ. ಆಚಿ ದಂಡಿ ಉಸುಕಿನ ಮ್ಯಾಲ ಕೋಳಿ ಅಡ್ಡಾಡತಿದ್ವು. ನಮ್ಮವು. ಹುಂಜ, ಅದರ ಹಿಂದ ಎರಡು ಹ್ಯಾಟಿ. ನಮ್ಮತ್ತಿ ತನ್ನ ಕೋಳಿ ಹಿತ್ತಲಾ ದಾಟಾಕ ಬಿಡೋ ಪೈಕಿ ಅಲ್ಲ. ಅವು ಅಷ್ಟು ದೂರ ಬಂದಾವ ಅಂದ್ರ, ಅವನ್ನ ಕರಿಯೋರು ಇಲ್ಲ. ಕೊಡ ಅಲ್ಲೆ ಬಿಟ್ಟು ಮ್ಯಾಲ ಹತ್ತಿ ಬಂದು, "ಮಾವಾ, ಅವು ಮರಿ ಅಲ್ರಿ. ತಳವಾರ ಹೇಳಿದ್ದು ಮರಿ ಅಲ್ಲ" ಅಂದೆ.

ಮಾವ ನನ್ನ ಮುಖಾ ನೋಡಿದ್ರು. ಮೊದಲು ತಿಳೀಲಿಲ್ಲ. ಆಮ್ಯಾಲ ಬಾಯಾಗs "ಎರಡು" ಅಂದ್ರು. ಚಪ್ಪಲಿ ಮೆಟ್ಟಲಿಲ್ಲ, ಯಾರನ್ನೂ ಕೇಳಲಿಲ್ಲ, ಹಳ್ಳಕ್ಕ ಬಿದ್ದು ಓಡಿದ್ರು. ಐನಾರ ಅಮ್ಮ ನನ್ನ ಕೈ ಹಿಡದ್ಲು, "ಬಸರಿ ಅದಿ, ಹೋಗಬ್ಯಾಡ ತಂಗಿ" ಅಂದ್ಲು. ನಾ ಕೈ ಬಿಡಿಸಿಕೊಂಡೆ.

ಊರಾಗ ಎಲ್ಲಾ ಬಾಗಲಾ ಕೀಲಿ. ಓಣ್ಯಾಗ ಇಲಿ ಒಣಗಿ ಬಿದ್ದಿದ್ವು. ನಮ್ಮ ಬಾಗಲಾ ತೆರದಿತ್ತು. ಅತ್ತಿ ನುಚ್ಚಿನ ಚೀಲ ಇದ್ದಷ್ಟೂ ಸುರುವಿ ಪಡಸಾಲಿ ತುಂಬ ಹರವಿದ್ಲು, ದಿನಾ ಎದ್ದು ಹಾಕಾಕ ಆಗಂಗಿಲ್ಲಂತ ಕೋಳಿಗೆ ಒಮ್ಮೆಲೆ ಹಾಕಿದ್ಲು. ಆಕಿ ಹಿತ್ತಲದಾಗ ಗೂಡಿನ ಗ್ವಾಡಿಗೆ ಬೆನ್ನು ಹಚ್ಚಿ ಕುಂತಿದ್ಲು. ಕಣ್ಣು ಕೆಂಡ ಆಗಿದ್ವು. ಕಾಲು ಕೂಡಿಸಾಕ ಆಗವಲ್ದು, ಎರಡೂ ತೊಡಿ ಸಂದ್ಯಾಗ ಎದ್ದಿದ್ವು.

ಮಾವ ಆಕಿ ಮುಂದ ಕುಸದು ಕುಂತ್ರು. ನಾನೂ ಹಿತ್ತಲ ಬಾಗಲಾ ದಾಟಾಕ ಹೋದೆ. ಆಕಿ ನನ್ನ ಕಂಡದ್ದs, ಅಂಥಾ ಜ್ವರದಾಗೂ ಕೈಗೆ ಸಿಕ್ಕ ಮಣ್ಣಿನ ಹೆಂಟಿ ಎತ್ತಿ ನನ್ನ ಕಡೆ ಒಗದ್ಲು. "ಹೊಟ್ಟಿ ಹೊತ್ಕೊಂಡು ಇಲ್ಲೆ ಯಾಕ ಬಂದಿ? ಹೊಚ್ಚಲಾ ದಾಟಿದ್ರ ನೋಡು!" ಅಂದ್ಲು. ಹೆಂಟಿ ನನ್ನ ಮುಟ್ಟಲಿಲ್ಲ, ನಡುವs ಬಿತ್ತು. ನಾ ಹೊಚ್ಚಲದ ಈಚಿ ಕುಂತು ಅಳಾಕ ಹತ್ತಿದೆ.

ಮಾವ ಆಕಿ ಕೈ ಹಿಡದು ಹೇಳಿದ್ರು. ತಡವರಿಸಿ ತಡವರಿಸಿ ಹೇಳಿದ್ರು. ಎದ್ದಾವ ಅಂದಾಗ ಮರಿ ಅಂದ್ಕೊಂಡ್ವಿ. ಎರಡು ಅಂದಾಗ ಎರಡು ಮರಿ ಅಂದ್ಕೊಂಡ್ವಿ. ಬೆಲ್ಲಾ ಹಂಚಿದೆ, ಸುಣ್ಣ ಬಳದೆ, ನಿನ್ನ ಹಾದಿ ನೋಡಿದೆ. ಗಂಡಸು ಅಷ್ಟು ಅತ್ತದ್ದನ್ನ ನಾ ಕಂಡಿದ್ದಿಲ್ಲ. ಆಕಿ ಎಲ್ಲಾ ಕೇಳಿಸಿಕೊಂಡ್ಲು. ಕೇಳಿ, ತಲಿ ಅಲ್ಲಾಡಿಸಿ, ಸಣ್ಣ ದನಿಲೆ, "ಹಂಗಾತೇನ್ರಿ? ಆತು ಬಿಡ್ರಿ. ನೀರಡಿಕಿ ಆಗೈತಿ, ತಣ್ಣನ್ನ ನೀರು ತರ್ರಿ" ಅಂದ್ಲು.

ಮಾವ ಕೊಡ ಹುಡುಕಿಕೊಂಡು ಬಾವಿಗೆ ಓಡಿದ್ರು. ಅವರ ಹೆಜ್ಜಿ ಸಪ್ಪಳ ಓಣ್ಯಾಗ ಕಡಿಮಿ ಆಗೂತನಾ ಆಕಿ ಕಾದ್ಲು. ಆಮ್ಯಾಲ ನನ್ನ ಕಡೆ ನೋಡಿದ್ಲು.

"ತಳವಾರ ಬಂದು ಹೇಳ್ಯಾನ ನನಗ" ಅಂದ್ಲು. "ಕೇಳಿ ನಕ್ಕರಂತ. ಎಷ್ಟು ಎದ್ದಾವ ಅಂತ ಕೇಳಿ, ಉಳದವು ನಾಳಿಗೆ ಏಳ್ತಾವ ಬಿಡು ಅಂದು ಕೈ ಬೀಸಿದ್ರಂತ."

"ಅತ್ತೀ, ಖರೇನs ಮರಿ ಅಂದ್ಕೊಂಡ್ವಿ! ನಾನೂ ಅಲ್ಲೇ ಇದ್ದೆ, ಇದರ ಮ್ಯಾಲ ಆಣಿ" ಅಂತ ಹೊಟ್ಟಿ ಮುಟ್ಟಿ ಹೇಳಿದೆ.

"ಹೊಟ್ಟಿ ಮ್ಯಾಲ ಆಣಿ ಮಾಡಬ್ಯಾಡ" ಅಂತ ಗದರಿಸಿದ್ಲು. ಆಮ್ಯಾಲ ದನಿ ಇಳಿಸಿ, "ಅಂಜಿಕಿಗೂ ನಗ್ತಾರವಾ ಗಂಡಸರು. ಅಂಜಿ ಬಂದಿಲ್ಲ ಅವರು. ಬರದದ್ದs ಚಲೋ ಆತು, ನೀ ಉಳದಿ. ಈಗ ಒಂದು ನೆಪ ಸಿಕ್ಕೈತಿ ಅವರಿಗೆ, ಅದನ್ನ ಹಿಡ್ಕೊಂಡು ಬಾಳೇವು ಮಾಡ್ಲಿ. ನಾ ನಂಬಿಲ್ಲ ಅಂತ ಅವರ ಮುಂದ ಅನಬ್ಯಾಡ" ಅಂದ್ಲು.

"ಅದು ನೆಪ ಅಲ್ರಿ ಅತ್ತೀ!" ಅಂತ ನಾ ಚೀರಿದೆ.

ಆಕಿ ನನ್ನ ನೋಡಿ ನಕ್ಕಳು. ಒಡದ ತುಟೀಲೆ, ಖರೇ ಖರೇ ಪ್ರೀತೀಲೆ ನಕ್ಕಳು. "ಶಾಣ್ಯಾಕಿ ಆಗೀದಿ" ಅಂದ್ಲು. "ಗಂಡನ ಮನಿ ಮಾನಾ ಮುಚ್ಚಾಕ ಕಲತಿ. ಇನ್ನ ನನಗ ಚಿಂತಿಲ್ಲ."

ಎಷ್ಟು ಹೇಳಿದೆ ನಾನು! ಬೆಲ್ಲದ ಸುದ್ದಿ ಹೇಳಿದೆ, ಐನಾರ ಅಮ್ಮನ್ನ ಬೇಕಾದ್ರ ಕೇಳ್ರಿ ಅಂದೆ. ನಾ ಹೇಳಿದಷ್ಟೂ ಆಕಿ ಮುಖದಾಗ ನನ್ನ ಬಗ್ಗೆ ಮೆಚ್ಚಿಗಿ ಹೆಚ್ಚಾತು. ಅಷ್ಟೊತ್ತಿಗೆ ಮಾವ ನೀರು ತಂದ್ರು. ಅವರ ಕೈಲೆ ಕುಡದ್ಲು. ಹೊತ್ತು ಇಳಿಯೂಕಿಂತ ಮೊದಲ ಹ್ವಾದ್ಲು. ಅವರ ಹೆಗಲ ಮ್ಯಾಲ ತಲಿ ಇಟ್ಟುಕೊಂಡು, ಒಂದು ಬಿರಸ ಮಾತಿಲ್ಲದs ಹ್ವಾದ್ಲು.

ಆಮ್ಯಾಲ ಹಿರೇರು ನಮ್ಮನ್ನ ಬ್ಯಾರೆ ಹೊಲದಾಗ ಇಟ್ರು. ನಮ್ಮಿಬ್ಬರಿಗೂ ಏನೂ ಆಗಲಿಲ್ಲ. ಗಂಡ ಬಾಗಲಕೋಟಿಯಿಂದ ಬಂದ, ನಾ ಗಂಡಸ ಮಗನ್ನ ಹಡದೆ, ಊರಿಗೆ ತಿರುಗಿ ಬಂದ್ವಿ. ಮಾವ ಮತ್ತ ಭಾಳ ವರ್ಷ ಬದುಕಿದ್ರು. ಗ್ವಾಡಿ ಕಟ್ಟಿದ್ರು, ಮೊಮ್ಮಕ್ಕಳನ್ನ ಆಡಿಸಿದ್ರು, ನಕ್ಕರು. ಆದ್ರ ಒಮ್ಮೊಮ್ಮೆ ಉಣ್ಣಾಕ ಕುಂತಾಗ, ಮನ್ಯಾಗ ಮತ್ತ್ಯಾರೂ ಇಲ್ಲದಾಗ, ಕೈಯಾಗಿನ ತುತ್ತು ಹಂಗs ಹಿಡದು ಕೇಳ್ತಿದ್ರು:

"ಆಕಿ ನಂಬಿದ್ಲೇನವಾ?"

"ನಂಬಿದ್ರು ಮಾವಾ."

"ಹೌದು" ಅಂತಿದ್ರು ಅವರು, ತಮಗ ತಾವs ಸಮಾಧಾನ ಹೇಳಿಕೊಂಡಂಗ. "ಆಕಿ ಬಾಯಿ ನಿನಗ ಗೊತ್ತಲ್ಲ. ನಂಬದಿದ್ರ ನನ್ನ ಬೈಯದs ಬಿಡ್ತಿದ್ಲೇನು? ಒಂದು ಮಾತು ಬೈಲಿಲ್ಲ ನೋಡು."

ನಾ ಹೂಂ ಅಂದು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕ್ತಿದ್ದೆ.